ನಶೆ ಇಳಿದ ಮೇಲೆ



ನಮ್ಮ ಅನಗವಾಡಿ, ಬೀಳಗಿ ಕಡೆಯ ಹೆಂಗಸರಿಗೆ ‘ಪುನರ್ವಸತಿ ಕೇಂದ್ರ’ ಎಂದರೆ ಮೊದಲು ನೆನಪಾಗುವುದು ಆಲಮಟ್ಟಿಯ ಹಿನ್ನೀರು. ಕೃಷ್ಣೆ ಮತ್ತು ಘಟಪ್ರಭೆಯ ದಡದ ಹಳ್ಳಿಗಳು ಮುಳುಗಡೆಯಾದಾಗ ಸರಕಾರವು ಎತ್ತರದ ಜಾಗದಲ್ಲಿ ಪ್ಲಾಟು ಹಂಚಿ ಕಟ್ಟಿಸಿದ ಊರುಗಳಿಗೆ ಇಟ್ಟ ಹೆಸರು ಅದು. ಹಾಗಾಗಿ ವಾರದ ಇಜ್ತಿಮಾ ಮುಗಿದ ಮೇಲೆ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದು, “ಆಪಾ, ನನ್ನ ಮಗನ್ನ ಪುನರ್ವಸತಿ ಕೇಂದ್ರಕ್ಕ ಹಾಕಬೇಕಂತ ಮಾಡೀವಿ. ಎಷ್ಟ ದಿನಕ್ಕ ಆರಾಮ ಆಗಿ ಬರ್ತಾನ?” ಎಂದು ಕೇಳಿದಾಗ ಪಕ್ಕದಲ್ಲಿದ್ದ ಮುದುಕಿಗೆ ಮಾತೇ ಅರ್ಥವಾಗಲಿಲ್ಲ. ಆ ತಾಯಿಗೂ ಅದರ ಅರ್ಥ ಪೂರ್ತಿ ಗೊತ್ತಿರಲಿಲ್ಲ. ಯಾರೋ ಒಂದು ದೂರದ ಊರಿನ ಹೆಸರು ಹೇಳಿದ್ದರು. ಹದಿನೈದು ದಿನ ಇಟ್ಟುಕೊಳ್ಳುತ್ತಾರೆ, ದುಡ್ಡು ಕಟ್ಟಬೇಕು, ಬರುವಾಗ ಹೊಸ ಮನುಷ್ಯನಾಗಿ ಬರುತ್ತಾನೆ ಎಂದಿದ್ದರು. ಆಕೆ ಕಿವಿಯೋಲೆ ಅಡವಿಡುವ ಲೆಕ್ಕ ಹಾಕುತ್ತಿದ್ದರು.

ಈ ತಿಂಗಳು ಆ ಪ್ರಶ್ನೆಗೇ ಉತ್ತರ ಬರೆಯುತ್ತಿದ್ದೇನೆ. ಇದನ್ನು ಜೋರಾಗಿ ಕೇಳಲಾಗದ ಮನೆಗಳು ನಮ್ಮಲ್ಲಿ ಬಹಳ ಇವೆ. ಮುಸಲ್ಮಾನರ ಮನೆಯಲ್ಲಿ ಸೆರೆ ಕುಡಿಯುವವನಿದ್ದಾನೆ ಎಂದು ಒಪ್ಪಿಕೊಳ್ಳುವುದೇ ನಾಚಿಕೆ, ಗಾಂಜಾ, ಗುಳಿಗೆಯ ಮಾತಂತೂ ದೂರ. ಮಗಳ ನಿಕಾಹ್ ಆಗುವ ತನಕ ಮಗನ ವಿಷಯ ಮುಚ್ಚಿಡುತ್ತೇವೆ. ಅಷ್ಟರಲ್ಲಿ ಅವನು ಕೈ ತಪ್ಪಿರುತ್ತಾನೆ.

ಜನರು ಒಂದೇ ಹೆಸರಿನಲ್ಲಿ ಕರೆಯುವ ಈ ಚಿಕಿತ್ಸೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಮೊದಲನೆಯದು ದೇಹದಿಂದ ನಶೆ ಇಳಿಸುವುದು. ಡಾಕ್ಟರುಗಳು ಇದಕ್ಕೆ ಡಿಟಾಕ್ಸ್ ಎನ್ನುತ್ತಾರೆ. ಇದು ಕೆಲವು ದಿನಗಳ ಕೆಲಸ, ಹೆಚ್ಚೆಂದರೆ ಎರಡು ವಾರ. ಎರಡನೆಯದು, ನಶೆ ಇಳಿದ ಮನುಷ್ಯನು ನಶೆಯಿಲ್ಲದೆ ಬದುಕುವುದನ್ನು ಕಲಿಯುವುದು. ನಿಜವಾದ ಪುನರ್ವಸತಿ ಇದೇ. ಇದಕ್ಕೆ ತಿಂಗಳುಗಳು ಬೇಕು, ಕೆಲವರಿಗೆ ವರ್ಷಗಳೇ ಬೇಕು. ಮುಳುಗಡೆಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟ್ರ್ಯಾಕ್ಟರಿನಲ್ಲಿ ಸಾಮಾನು ಹೇರಿ ಹೊಸ ಪ್ಲಾಟಿಗೆ ಹೋಗಲು ಒಂದು ದಿನ ಸಾಕಾಯಿತು. ಅಲ್ಲಿ ಬೇರು ಬಿಡಲು ಎಷ್ಟು ಕಾಲ ಹಿಡಿಯಿತು ಎಂದು ಅವರನ್ನೇ ಕೇಳಿ. ದುಡ್ಡು ತೆಗೆದುಕೊಂಡು ಹದಿನೈದು ದಿನಕ್ಕೆ ‘ಗ್ಯಾರಂಟಿ’ ಕೊಡುವವರು ಮೊದಲನೆಯ ಕೆಲಸವನ್ನು ತೋರಿಸಿ ಎರಡನೆಯದರ ಬೆಲೆ ಕೇಳುತ್ತಿದ್ದಾರೆ.

ಈ ಮೊದಲನೆಯ ಕೆಲಸವೂ ಮನೆಯಲ್ಲಿ ಮಾಡಿಕೊಳ್ಳುವಂಥದ್ದಲ್ಲ. ನಮ್ಮಲ್ಲಿ ಹೆಚ್ಚು ಅನಾಹುತವಾಗುವುದು ಇಲ್ಲಿಯೇ.

ವರ್ಷಗಟ್ಟಲೆ ದಿನವೂ ಕುಡಿಯುವ ಒಬ್ಬ ಮನುಷ್ಯನನ್ನು ನೆನೆಸಿಕೊಳ್ಳಿ. ರಮಝಾನಿನ ಚಂದ್ರ ಕಂಡ ರಾತ್ರಿ ಅವನು ತೌಬಾ ಮಾಡುತ್ತಾನೆ, ಬಾಟಲಿ ಎಸೆಯುತ್ತಾನೆ. ಮನೆಯವರ ಕಣ್ಣಲ್ಲಿ ನೀರು. ಮರುದಿನ ಸಹರಿಗೆ ಏಳುತ್ತಾನೆ, ಲೋಟ ಹಿಡಿದ ಕೈ ನಡುಗುತ್ತದೆ. ಮೈ ಬೆವರುತ್ತದೆ, ನಿದ್ದೆ ಹತ್ತುವುದಿಲ್ಲ. ಮೊದಲ ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಇನ್ನು ಕೆಲವರಿಗೆ ದಿಕ್ಕು ತಪ್ಪುತ್ತದೆ. ಗೋಡೆಯ ಮೇಲೆ ಹುಳ ಹರಿದಾಡಿದಂತೆ ಕಾಣುತ್ತದೆ, ಸತ್ತವರು ಕರೆದಂತೆ ಕೇಳುತ್ತದೆ, ಹೆಂಡತಿಯ ಗುರುತೂ ಸಿಗುವುದಿಲ್ಲ. ಮನೆಯಲ್ಲಿ ಗದ್ದಲ ಏಳುತ್ತದೆ: ಜಿನ್ ಹಿಡಿಯಿತು, ಯಾರೋ ಮಾಟ ಮಾಡಿಸಿದರು. ಅವನನ್ನು ಜೀಪಿನಲ್ಲಿ ಹಾಕಿಕೊಂಡು ದವಾಖಾನೆ ದಾಟಿ ದರ್ಗಾಕ್ಕೆ ಒಯ್ಯುತ್ತಾರೆ.

ಸಹೋದರಿಯರೇ, ಜಿನ್ನುಗಳಿವೆ ಎಂಬುದರ ಮೇಲೆ ನಮಗೆ ಈಮಾನ್ ಇದೆ. ಆದರೆ ಕುಡಿತ ನಿಲ್ಲಿಸಿದ ಮೂರನೆಯ ದಿನ ಬಂದ ಈ ಬಾಧೆಗೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ, ಔಷಧವಿದೆ. ಔಷಧ ಸಿಗದಿದ್ದರೆ ಇದು ಪ್ರಾಣ ತೆಗೆಯಬಲ್ಲದು. ಇದರ ಕಾರಣ ಸರಳ. ಸೆರೆ ಮೆದುಳನ್ನು ಮಂಕು ಮಾಡುತ್ತದೆ. ಆ ಮಂಕಿನಲ್ಲೂ ಎಚ್ಚರವಾಗಿರಲು ಮೆದುಳು ವರ್ಷಗಟ್ಟಲೆ ಎದುರು ಬಲ ಹಾಕುತ್ತಾ ಬಂದಿರುತ್ತದೆ. ಬಾಗಿಲಿನ ಎರಡು ಕಡೆ ಇಬ್ಬರು ಒತ್ತಿ ನಿಂತಾಗ ಒಬ್ಬನು ತಟ್ಟನೆ ಸರಿದರೆ ಇನ್ನೊಬ್ಬನು ಮುಗ್ಗರಿಸಿ ಬೀಳುತ್ತಾನಲ್ಲವೇ? ಹಾಗೆಯೇ ಇದು. ಆಸ್ಪತ್ರೆಯಲ್ಲಿ ಡಯಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್, ಲೊರಾಜೆಪಾಮ್ ಎಂಬ ಗುಳಿಗೆಗಳಲ್ಲಿ ಒಂದನ್ನು ಕೊಟ್ಟು, ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾ ಆ ಎದುರು ಬಲವನ್ನು ನಿಧಾನವಾಗಿ ಇಳಿಸುತ್ತಾರೆ. ಜೊತೆಗೆ ಥಯಾಮಿನ್ ಎಂಬ ಬಿ1 ವಿಟಮಿನ್ ಕೊಡುತ್ತಾರೆ, ಏಕೆಂದರೆ ಕುಡುಕರಲ್ಲಿ ಅದು ಬತ್ತಿರುತ್ತದೆ. ಅದಿಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಹಾನಿಯಾಗಬಹುದು. ಆದ್ದರಿಂದ ಊರಿನ ಯಾರನ್ನೋ ಕರೆಸಿ ಮನೆಯಲ್ಲೇ ಒಂದು ಸಲೈನ್ ಹಾಕಿಸಿ ಸಮಾಧಾನಪಟ್ಟುಕೊಳ್ಳಬೇಡಿ. ಫಿಟ್ಸ್ ಬಂದರೆ, ಗುರುತು ತಪ್ಪಿದರೆ, ಜ್ವರ ಏರಿದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಕುಡಿಯುವವನಿಗೆ ತೌಬಾ ಮಾಡಬೇಡ ಎಂದು ನಾನು ಹೇಳುತ್ತಿದ್ದೇನೆಯೇ? ಅಲ್ಲಾಹನು ಕಾಪಾಡಲಿ! ತೌಬಾ ಈ ರಾತ್ರಿಯೇ ಆಗಲಿ, ಬೆಳಗಾದ ಕೂಡಲೇ ಡಾಕ್ಟರನ್ನೂ ಕಾಣಲಿ ಎನ್ನುತ್ತಿದ್ದೇನೆ. ಕೆಲವು ಬುದ್ಧಿವಂತ ಗಂಡಂದಿರು, ಸೆರೆಯ ನಿಷೇಧ ಕೂಡ ಹಂತಹಂತವಾಗಿಯೇ ಬಂದಿತ್ತು, ನಾನೂ ಹಂತಹಂತವಾಗಿ ಬಿಡುತ್ತೇನೆ ಎಂದು ಹೆಂಡತಿಗೆ ಹದೀಸ್ ಪಾಠ ಮಾಡುತ್ತಾರೆ. ಹಂತಗಳಲ್ಲಿ ಬಂದ ಆ ಆದೇಶವು ಮದೀನಾದಲ್ಲಿ ಪೂರ್ಣವಾಗಿ, ಜನರು ಹೆಂಡವನ್ನು ಬೀದಿಗೆ ಚೆಲ್ಲಿ ಹದಿನಾಲ್ಕು ಶತಮಾನಗಳಾದವು. ಈಗ ಹಂತಗಳಿರುವುದು ಡಾಕ್ಟರರ ಗುಳಿಗೆಯ ಪ್ರಮಾಣದಲ್ಲಿ ಮಾತ್ರ.

ಎಲ್ಲ ನಶೆಯೂ ಒಂದೇ ರೀತಿ ಇಳಿಯುವುದಿಲ್ಲ. ನಿದ್ದೆ ಗುಳಿಗೆಗೆ ಅಂಟಿಕೊಂಡವರೂ ಕುಡಿತದವರ ಹಾಗೆಯೇ ತಟ್ಟನೆ ನಿಲ್ಲಿಸಬಾರದು, ಫಿಟ್ಸ್ ಬರುತ್ತದೆ. ಅದನ್ನು ವಾರಗಳ, ಕೆಲವೊಮ್ಮೆ ತಿಂಗಳುಗಳ ಮೇಲೆ ಕಡಿಮೆ ಮಾಡಬೇಕು. (ಇದು ಗಂಡಸರ ಮಾತಷ್ಟೇ ಅಲ್ಲ. ಯಾವಾಗಲೋ ಬರೆದುಕೊಟ್ಟ ಚೀಟಿ ತೋರಿಸಿ ವರ್ಷಗಟ್ಟಲೆ ಅದೇ ಗುಳಿಗೆ ತರಿಸುವ ಅತ್ತೆಯಂದಿರೂ ಇದ್ದಾರೆ. ಅವರನ್ನು ಯಾರೂ ನಶೆಗಾರರು ಎನ್ನುವುದಿಲ್ಲ.) ಗಾಂಜಾ ಬಿಟ್ಟವನಿಗೆ ಸಿಟ್ಟು, ನಿದ್ರಾಹೀನತೆ, ಹಸಿವಿಲ್ಲದಿರುವುದು ಒಂದೆರಡು ವಾರ ಕಾಡುತ್ತವೆ. ಅದಕ್ಕೆಂದೇ ವಿಶೇಷ ಔಷಧವಿಲ್ಲ, ಪ್ರಾಣಕ್ಕೂ ಅಪಾಯವಿಲ್ಲ. ಆದರೆ ಗಾಂಜಾ ಸೇದುವ ಹುಡುಗ ಒಬ್ಬನೇ ಮಾತಾಡಿಕೊಂಡರೆ, ಎಲ್ಲರೂ ತನ್ನ ವಿರುದ್ಧ ಸಂಚು ಮಾಡಿದ್ದಾರೆ ಎಂದರೆ ಬಿಟ್ಟು ನೋಡೋಣ ಎಂದು ಕಾಯಬೇಡಿ, ಮನೋವೈದ್ಯರಿಗೆ ತೋರಿಸಿ. ಪಂಕ್ಚರ್ ಸೊಲ್ಯೂಷನ್, ವೈಟ್ನರ್ ಮೂಸುವ ಎಳೆಯ ಮಕ್ಕಳ ಅಪಾಯವೇ ಬೇರೆ. ಮೂಸಿದ ಹೊತ್ತಿನಲ್ಲೇ ಹೃದಯ ನಿಂತು ಹೋಗಬಹುದು. ಮಕ್ಕಳಿಗೆ ನಶೆಯ ವಸ್ತು ಕೊಡುವವನಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷಗಳ ವರೆಗೆ ಸಜೆ ಇದೆ. 1098ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಟ್ಯಾಪೆಂಟಡಾಲ್, ಟ್ರಮಡಾಲ್‌ನಂಥ ನೋವಿನ ಗುಳಿಗೆ, ಕೋಡೀನ್ ಇರುವ ಕೆಮ್ಮಿನ ಔಷಧ, ಬ್ರೌನ್ ಶುಗರ್ ಇವೆಲ್ಲ ಅಫೀಮಿನ ಬಳಗ. ಕೆಲವನ್ನು ಗಸಗಸೆ ಗಿಡದ ಹಾಲಿನಿಂದ ಮಾಡುತ್ತಾರೆ, ಕೆಲವನ್ನು ಕಾರ್ಖಾನೆಯಲ್ಲಿ. ಮೆದುಳಿನಲ್ಲಿ ಅವು ಮಾಡುವ ಕೆಲಸ ಒಂದೇ. ರಾತ್ರಿಯಿಡೀ ಲಾರಿ ಓಡಿಸುವವರು, ಬೆನ್ನು ಮುರಿಯುವ ಹಾಗೆ ದುಡಿಯುವವರು ಮೈನೋವಿಗೆಂದೇ ಶುರು ಮಾಡಿರುತ್ತಾರೆ. ಇದನ್ನು ಬಿಟ್ಟಾಗ ಆಕಳಿಕೆ, ಮೂಗು ಕಣ್ಣುಗಳಲ್ಲಿ ನೀರು, ಮೈ ಜುಮ್ಮೆನ್ನುವುದು, ಎಲುಬು ಹಿಂಡಿದಂಥ ನೋವು, ವಾಂತಿ ಭೇದಿ ಬರುತ್ತವೆ. ಎರಡು ಮೂರನೆಯ ದಿನ ಜೋರಾಗಿದ್ದು ವಾರ ಹತ್ತು ದಿನಗಳಲ್ಲಿ ತಗ್ಗುತ್ತದೆ. ನೋಡಲು ಭಯಂಕರ, ಆದರೆ ನೀರಿನಂಶ ಕಾಪಾಡಿಕೊಂಡರೆ ಸಾಯುವುದು ಅಪರೂಪ. ಇಲ್ಲಿ ಸಾವು ಇರುವುದು ಡಿಟಾಕ್ಸ್ ಆದ ನಂತರ. ಹದಿನೈದು ದಿನ ಕೇಂದ್ರದಲ್ಲಿದ್ದು ಬಂದವನ ದೇಹ ಹಳೆಯ ಪ್ರಮಾಣವನ್ನು ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಅವನು ಸಂಗಾತಿಗಳ ಜೊತೆ ಒಂದೇ ಸಲ ಎಂದು ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಆದ್ದರಿಂದಲೇ ಅಫೀಮಿನ ಬಳಗದ ನಶೆಗೆ ಬರೀ ಡಿಟಾಕ್ಸ್ ಮಾಡಿ ಮನೆಗೆ ಕಳಿಸುವುದು ಒಳ್ಳೆಯ ಚಿಕಿತ್ಸೆಯಲ್ಲ ಎಂದು ತಜ್ಞರು ಹೇಳುತ್ತಾರೆ. ನಾಲಗೆಯ ಕೆಳಗೆ ಇಡುವ ಬುಪ್ರಿನಾರ್ಫಿನ್ ಎಂಬ ಗುಳಿಗೆಯನ್ನು ತಿಂಗಳುಗಟ್ಟಲೆ, ಬೇಕಾದರೆ ವರ್ಷಗಟ್ಟಲೆ ಕೊಡುತ್ತಾರೆ. ಇದು ಪರವಾನಿಗೆ ಇರುವ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಪೂರ್ತಿ ಬಿಟ್ಟು ವಾರ ಹತ್ತು ದಿನ ಕಳೆದವರಿಗೆ ನಾಲ್‌ಟ್ರೆಕ್ಸೋನ್ ಎಂಬ ಇನ್ನೊಂದು ಗುಳಿಗೆಯಿದೆ. ಅದರ ಮೇಲೆ ನಶೆ ತೆಗೆದುಕೊಂಡರೂ ಏರುವುದಿಲ್ಲ.

‘ಒಂದು ನಶೆ ಬಿಡಿಸಿ ಇನ್ನೊಂದು ನಶೆ ಕೊಟ್ಟಂತಾಯಿತಲ್ಲ, ಅದು ಹರಾಮ್ ಅಲ್ಲವೇ?’ ಎಂಬ ಪ್ರಶ್ನೆ ಮನೆಯ ಹಿರಿಯರಿಂದ ಬರುತ್ತದೆ. ಡಾಕ್ಟರು ಅಳೆದು ಕೊಡುವ, ಅಮಲು ಏರಿಸದೆ ಮನುಷ್ಯನನ್ನು ಕೆಲಸಕ್ಕೆ, ನಮಾಝಿಗೆ ಎದ್ದು ನಿಲ್ಲುವಂತೆ ಮಾಡುವ ಔಷಧವನ್ನು ಬೀದಿಯ ನಶೆಯ ಜೊತೆ ತೂಗುವುದು ಸರಿಯಲ್ಲ ಎಂಬುದು ನನ್ನ ತಿಳಿವಳಿಕೆ. ಪ್ರಾಣ ಉಳಿಸುವುದು ಶರೀಅತ್ತಿನ ಮೂಲ ಉದ್ದೇಶಗಳಲ್ಲಿ ಒಂದೆಂದು ನಾವು ಮದ್ರಸದಲ್ಲಿ ಓದಿದ್ದೇವೆ. ಮನಸ್ಸಿಗೆ ಸಮಾಧಾನವಾಗದಿದ್ದರೆ ಡಾಕ್ಟರರ ಚೀಟಿಯನ್ನೇ ಒಯ್ದು ನೀವು ನಂಬುವ ಮುಫ್ತಿ ಸಾಹೇಬರಿಗೆ ತೋರಿಸಿ ಕೇಳಿ. ಕೇಳದೆ ಗುಳಿಗೆ ನಿಲ್ಲಿಸಬೇಡಿ. ರಮಝಾನಿನಲ್ಲಿ ಹೆಚ್ಚಿನ ಗುಳಿಗೆಗಳನ್ನು ಸಹರಿ, ಇಫ್ತಾರಿನ ಹೊತ್ತಿಗೆ ಹೊಂದಿಸಿಕೊಡಲು ಡಾಕ್ಟರು ಒಪ್ಪುತ್ತಾರೆ. ಹಗಲು ತೆಗೆದುಕೊಳ್ಳಲೇ ಬೇಕಾದ ದಿನಗಳಲ್ಲಿ ರೋಗಿಗಿರುವ ರಿಯಾಯಿತಿ ಇವನಿಗೂ ಇದೆ. ಗುಣವಾದ ಮೇಲೆ ಕಝಾ ಮಾಡಲಿ.

ಇನ್ನು ಹೆಂಗಸರ ಕೈಗೆ ಬರುವ ಆ ಪುಡಿಯ ವಿಷಯ. ‘ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿ, ಇಪ್ಪತ್ತೊಂದು ದಿನಗಳಲ್ಲಿ ಕುಡಿತ ಬಿಡುತ್ತಾನೆ’ ಎಂದು ಗೋಡೆ ಬರಹ, ಬಸ್ಸಿನ ಸೀಟಿನ ಹಿಂದೆ ಅಂಟಿಸಿದ ಚೀಟಿ ನೀವು ನೋಡಿದ್ದೀರಿ. ಆ ಪುಡಿಯಲ್ಲಿ ಏನಿದೆ ಎಂದು ಮಾರುವವನು ಹೇಳುವುದಿಲ್ಲ. ಡೈಸಲ್ಫಿರಾಮ್ ಎಂಬ ನಿಜವಾದ ಔಷಧವೊಂದಿದೆ. ಅದನ್ನು ತೆಗೆದುಕೊಂಡವನು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಆ ಭಯದಿಂದ ಕುಡಿಯದಿರಲಿ ಎಂದೇ ಕೊಡುವುದು. ಆದ್ದರಿಂದ ರೋಗಿ ತಿಳಿದು, ಒಪ್ಪಿ ತೆಗೆದುಕೊಳ್ಳಬೇಕು. ಕೊನೆಯ ಕುಡಿತದಿಂದ ಕನಿಷ್ಠ ಹನ್ನೆರಡು ಗಂಟೆ ಕಳೆದಿರಬೇಕು, ಹೃದಯ, ಯಕೃತ್ತು ಪರೀಕ್ಷಿಸಿರಬೇಕು. ತಿಳಿಯದೆ ಸಾರಿನಲ್ಲಿ ಉಂಡವನು ಸಂಜೆ ಎಂದಿನಂತೆ ಕುಡಿದರೆ ಸಾಯಬಹುದು. ಗಂಡನನ್ನು ಉಳಿಸಲು ಹೋದ ಹೆಂಡತಿ ಕೊಲೆಯ ಆರೋಪ ಹೊರುವಂತಾದೀತು. ದಯವಿಟ್ಟು ಅಂಥದ್ದನ್ನು ಮನೆಯೊಳಗೆ ತರಬೇಡಿ.

ಹಾಗಾದರೆ ಎಲ್ಲಿಗೆ ಹೋಗಬೇಕು? ದೂರದ ಊರಿನ ಖಾಸಗಿ ಕೇಂದ್ರ ಮೊದಲ ಬಾಗಿಲಲ್ಲ. ಮೊದಲ ಬಾಗಿಲು ತಾಲೂಕು ಆಸ್ಪತ್ರೆ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಇಲ್ಲವೇ ಚೀಟಿ ಮಾಡಿಸುವ ಕೌಂಟರಿನಲ್ಲಿ ಕೇಳಿ. ಬಾಗಲಕೋಟೆಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ ಇದೆ. ತೀವ್ರವಾದ ಪ್ರಕರಣವಾದರೆ ಧಾರವಾಡದ ಡಿಮ್ಹಾನ್ಸ್. ‘ಧಾರವಾಡಕ್ಕ ಕಳಸಬೇಕು ಇವನ್ನ’ ಎನ್ನುವುದು ನಮ್ಮ ಕಡೆ ಬೈಗುಳ. ಆ ಬೈಗುಳದ ಭಯಕ್ಕೇ ಎಷ್ಟೋ ಜನ ಹೆಚ್ಚು ಖರ್ಚಿನ, ಕಡಿಮೆ ಡಾಕ್ಟರುಗಳಿರುವ ಜಾಗಕ್ಕೆ ಹೋಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ವ್ಯಸನದ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಕೇಂದ್ರ ಸರಕಾರದ ಸಾಮಾಜಿಕ ನ್ಯಾಯ ಇಲಾಖೆಯ ಅನುದಾನದಿಂದ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಪುನರ್ವಸತಿ ಕೇಂದ್ರಗಳೂ ಇವೆ. ಹತ್ತಿರದ್ದು ಯಾವುದೆಂದು 14446ಕ್ಕೆ ಫೋನ್ ಮಾಡಿ ಕೇಳಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್, ನಂಬರ್ 14416, ಕನ್ನಡದಲ್ಲೇ ಮಾತಾಡುತ್ತದೆ, ರಾತ್ರಿಯೂ ಎತ್ತುತ್ತಾರೆ. ಎರಡಕ್ಕೂ ದುಡ್ಡಿಲ್ಲ. ಮನೆಯ ಹೊರಗೆ ಹೋಗಲು ಕಷ್ಟವಿರುವ ಸಹೋದರಿಯರು ಈ ಎರಡು ನಂಬರುಗಳನ್ನು ಬರೆದಿಟ್ಟುಕೊಳ್ಳಲಿ.

ಎಲ್ಲರನ್ನೂ ಒಳಗೆ ಮಲಗಿಸಿಯೇ ಚಿಕಿತ್ಸೆ ಮಾಡಬೇಕೆಂದಿಲ್ಲ. ಹಿಂದೆ ಫಿಟ್ಸ್ ಬಂದಿಲ್ಲದವರಿಗೆ, ಮನೆಯಲ್ಲಿ ನೋಡಿಕೊಳ್ಳುವವರಿದ್ದವರಿಗೆ ಹೊರರೋಗಿಯಾಗಿಯೇ ಗುಳಿಗೆ ಕೊಟ್ಟು ಮೂರು ದಿನಕ್ಕೊಮ್ಮೆ ನೋಡುವುದುಂಟು. ನಮ್ಮ ಹಳ್ಳಿಗಳಲ್ಲಿ ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಅಲ್ಲಿನ ಭಜನೆ, ಪೂಜೆಯ ಕಾರಣಕ್ಕೆ ನಮ್ಮವರು ಹಿಂಜರಿಯುವುದು ನನಗೆ ಅರ್ಥವಾಗುತ್ತದೆ. ಆದರೆ ಅವರು ಮಾಡುವ ಒಂದು ಕೆಲಸ ನೋಡಿ: ಊರಿನ ನಡುವೆ, ಊರಿನವರ ಎದುರಿಗೆ, ಕುಡುಕನನ್ನು ಕರೆದು ಕೂರಿಸಿ, ಅವನ ಹೆಂಡತಿಯನ್ನೂ ಕರೆದು ಮಾತಾಡಿಸುತ್ತಾರೆ, ಶಿಬಿರ ಮುಗಿದ ಮೇಲೂ ಅವರನ್ನು ಸೇರಿಸುತ್ತಿರುತ್ತಾರೆ. ನಮ್ಮ ಜಮಾಅತಿನಲ್ಲಿ ಅಂಥ ಮನುಷ್ಯನಿಗೆ ಕೊನೆಯ ಸಫ್ಫಿನಲ್ಲೂ ಜಾಗ ಕೊಡಲು ಮುಖ ಸಿಂಡರಿಸುತ್ತಾರೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1989ರಲ್ಲಿ ಮುಸ್ಲಿಮರೇ ‘ಮಿಲ್ಲತಿ ಇಸ್ಲಾಮಿ’ ಎಂಬ ಗುಂಪು ಕಟ್ಟಿಕೊಂಡರು. ನಶೆ ಬಿಟ್ಟವರು ಒಟ್ಟಿಗೆ ಕುಳಿತು, ಒಬ್ಬರಿಗೊಬ್ಬರು ಆಸರೆಯಾಗುವ ಬೈಠಕ್ ಅದು. ಅದಕ್ಕೆ ಬೇಕಾದದ್ದು ಒಂದು ಕೋಣೆ, ಒಂದು ಚಾಪೆ. ಎರಡೂ ನಮ್ಮ ಮಸೀದಿಗಳಲ್ಲಿವೆ.

ಖಾಸಗಿ ಕೇಂದ್ರಕ್ಕೇ ಹೋಗುವುದಾದರೆ ದುಡ್ಡು ಕಟ್ಟುವ ಮೊದಲು ಒಳಗೆ ಹೋಗಿ ನೋಡಿ. ನೋಡಲು ಬಿಡದ ಕಡೆ ಬಿಟ್ಟು ಬರಬೇಡಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಬಂದು, 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಕುಡಿತ ಮತ್ತು ನಶೆಯಿಂದಾಗುವ ಮನೋಸ್ಥಿತಿಗಳೂ ಅದರ ವ್ಯಾಪ್ತಿಯಲ್ಲಿವೆ. ಅಂಥವರನ್ನು ಒಳಗಿಟ್ಟು ಚಿಕಿತ್ಸೆ ಕೊಡುವ ಜಾಗ ನೋಂದಣಿಯಾಗಿರಬೇಕು. ಸರ್ಟಿಫಿಕೇಟ್ ತೋರಿಸಿ ಎನ್ನಿ. ಡಾಕ್ಟರು ಯಾರು, ವಾರಕ್ಕೆ ಎಷ್ಟು ದಿನ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಯಾರು ನೋಡುತ್ತಾರೆ, ಫೋನಿನಲ್ಲಿ ಮಗನ ಜೊತೆ ಮಾತಾಡಲು ಬಿಡುತ್ತೀರಾ ಎಂದು ಕೇಳಿ. ‘ಮೂರು ತಿಂಗಳು ಮನೆಯವರು ಮುಖ ತೋರಿಸಬಾರದು’ ಎನ್ನುವ ಕಡೆ ನನಗೆ ಭಯವಾಗುತ್ತದೆ. ರಾತ್ರಿ ಗಾಡಿ ತಂದು, ಮಗನ ಕೈಕಾಲು ಕಟ್ಟಿ ಎತ್ತಿಕೊಂಡು ಹೋಗುತ್ತೇವೆ ಎನ್ನುವವರಿದ್ದಾರೆ. ಅದು ಕಾಯ್ದೆಗೆ ವಿರುದ್ಧ. ರೋಗಿಗೆ ತನ್ನ ಒಳಿತು ತಿಳಿಯದಷ್ಟು ಕೆಟ್ಟ ಸ್ಥಿತಿಯಿದ್ದರೆ ಮನೆಯವರ ಅರ್ಜಿಯ ಮೇಲೆ, ಮನೋವೈದ್ಯರೂ ಸೇರಿ ಇಬ್ಬರು ಪರೀಕ್ಷಿಸಿ ಒಪ್ಪಿದ ಮೇಲೆ, ಮೂವತ್ತು ದಿನಗಳ ವರೆಗೆ ಸೇರಿಸಿಕೊಳ್ಳುವ ದಾರಿಯನ್ನು ಆ ಕಾಯ್ದೆಯೇ ಕೊಟ್ಟಿದೆ.

ಸರಪಳಿಯನ್ನು ಆ ಕಾಯ್ದೆ ಸ್ಪಷ್ಟವಾಗಿ ನಿಷೇಧಿಸಿದೆ. ಇದರ ಹಿಂದೆ ನಮ್ಮವರದೇ ಒಂದು ದುಃಖದ ಕತೆಯಿದೆ. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾದ ಆಸುಪಾಸಿನ ಒಂದು ಖಾಸಗಿ ‘ಮನೆ’ಗೆ ಬೆಂಕಿ ಬಿತ್ತು. ಅದು ಮಾನಸಿಕ ರೋಗಿಗಳನ್ನು ಇಟ್ಟುಕೊಳ್ಳುತ್ತಿದ್ದ ಜಾಗ. ಅವರನ್ನು ಸರಪಳಿಯಿಂದ ಕಟ್ಟಿದ್ದರು. ಓಡಲಾಗದೆ ಇಪ್ಪತ್ತೈದಕ್ಕೂ ಹೆಚ್ಚು ಜನ ಸುಟ್ಟು ಸತ್ತರು. ಅವರನ್ನು ಅಲ್ಲಿ ಬಿಟ್ಟು ಹೋದ ತಾಯಿ ತಂದೆಯರು ಕ್ರೂರಿಗಳಾಗಿರಲಿಲ್ಲ. ಮಗ ಗುಣವಾಗಲಿ ಎಂದೇ ದೂರದಿಂದ ಕರೆತಂದಿದ್ದರು. ದುಆ ಮಾಡಿಸಿ, ದಮ್ ಮಾಡಿದ ನೀರು ಕುಡಿಸಿ, ನಾನು ಬೇಡವೆನ್ನುವುದಿಲ್ಲ. ಆದರೆ ರೋಗಿಯನ್ನು ಕಟ್ಟಿಹಾಕುವ ಜಾಗದಲ್ಲಿ, ಅದು ಯಾರ ಹೆಸರಿನದ್ದೇ ಆಗಲಿ, ನಿಮ್ಮ ಮಗನನ್ನು ಬಿಡಬೇಡಿ. ಪ್ರತಿ ರೋಗಕ್ಕೂ ಅಲ್ಲಾಹನು ಔಷಧ ಇಟ್ಟಿದ್ದಾನೆ, ಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ನಮಗೆ ಕಲಿಸಿದವರು ಪ್ರವಾದಿ(ಸ).

ಗಾಂಜಾ, ಬ್ರೌನ್ ಶುಗರ್ ವಿಷಯದಲ್ಲಿ ಇನ್ನೊಂದು ಭಯ: ಆಸ್ಪತ್ರೆಗೆ ಹೋದರೆ ಪೊಲೀಸರು ಹಿಡಿಯುತ್ತಾರೆ. ಚಿಕಿತ್ಸೆ ಕೇಳಿ ಬಂದವನ ಮಾತನ್ನು ಗುಟ್ಟಾಗಿಡುವುದು ಡಾಕ್ಟರರ ಕರ್ತವ್ಯ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮಿನಲ್ಲಿ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿಯೇ ಸರಕಾರಿ ಅಥವಾ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆಗೆ ಒಳಗಾದರೆ ಆ ಮೊಕದ್ದಮೆಯಿಂದ ರಕ್ಷಣೆಯಿದೆ. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು ಎಂಬುದು ಷರತ್ತು. ಮಾರುವವನಿಗೆ ಈ ರಿಯಾಯಿತಿ ಇಲ್ಲ, ಇರಲೂ ಬಾರದು.

2019ರಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆ ದೇಶದಾದ್ಯಂತ ನಡೆಸಿದ ಸಮೀಕ್ಷೆಯ ವರದಿ ಬಂತು. ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿತ್ತು. ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದವರು 180ರಲ್ಲಿ ಒಬ್ಬರು. ಉಳಿದವರನ್ನು ನೋಡಿಕೊಂಡವರು ಯಾರು? ಮನೆಯ ಹೆಂಗಸರು. ಅವರ ಲೆಕ್ಕ ಆ ವರದಿಯಲ್ಲಿಲ್ಲ.

ಈಗ ಎರಡನೆಯ ಕೆಲಸಕ್ಕೆ ಬರುತ್ತೇನೆ. ಮಗ ಮನೆಗೆ ಬಂದ. ಮೈ ತುಂಬಿಕೊಂಡಿದ್ದಾನೆ, ಸಲಾಮ್ ಹೇಳುತ್ತಾನೆ. ಎಲ್ಲರೂ ಮುಗಿಯಿತು ಎಂದುಕೊಳ್ಳುತ್ತಾರೆ. ತಿಂಗಳೊಳಗೆ ಮದುವೆ ಮಾಡಿ ಸರಿ ಮಾಡೋಣ ಎಂಬ ಮಾತು ಶುರುವಾಗುತ್ತದೆ. ಯಾರದೋ ಮಗಳನ್ನು ತಂದು ಔಷಧದ ಜಾಗದಲ್ಲಿ ಇಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನಶೆಗೆ ಮರಳುವವರು ನೂರರಲ್ಲಿ ನಲವತ್ತರಿಂದ ಅರವತ್ತು ಎಂದು ತಜ್ಞರ ಅಂದಾಜು, ಅದೂ ಹೆಚ್ಚಾಗಿ ಮೊದಲ ತಿಂಗಳುಗಳಲ್ಲೇ. ಬಿ.ಪಿ., ಸಕ್ಕರೆ ಕಾಯಿಲೆಯವರು ಪಥ್ಯ ಮುರಿದು ಮತ್ತೆ ಚಿಕಿತ್ಸೆಗೆ ಬರುವುದೂ ಹೆಚ್ಚುಕಡಿಮೆ ಇಷ್ಟೇ. ಸಕ್ಕರೆ ಏರಿದ ಮಾವನನ್ನು ಮತ್ತೆ ಡಾಕ್ಟರರ ಹತ್ತಿರ ಕರೆದೊಯ್ಯುತ್ತೇವೆ. ಜಾರಿದ ಮಗನನ್ನು ಮಾತ್ರ ‘ಇಷ್ಟು ಖರ್ಚು ಮಾಡಿದರೂ ಬುದ್ಧಿ ಬರಲಿಲ್ಲ’ ಎಂದು ಹೊರಗೆ ಹಾಕುತ್ತೇವೆ.

ಪ್ರವಾದಿಯವರ(ಸ) ಕಾಲದಲ್ಲಿ ಒಬ್ಬ ಸಹಾಬಿ ಇದ್ದರು. ಅವರು ಪ್ರವಾದಿಯವರನ್ನು(ಸ) ನಗಿಸುತ್ತಿದ್ದವರು. ಕುಡಿತದ ಅಪರಾಧಕ್ಕೆ ಅವರಿಗೆ ಶಿಕ್ಷೆಯಾಗಿತ್ತು. ಮತ್ತೊಮ್ಮೆ ಅದೇ ಅಪರಾಧಕ್ಕೆ ಕರೆತಂದಾಗ, ಎಷ್ಟು ಸಲ ಇವನನ್ನು ಹೀಗೆ ತರುವುದು ಎಂದು ಒಬ್ಬರು ಶಾಪ ಹಾಕಿದರು. ಪ್ರವಾದಿಯವರು(ಸ) ಶಪಿಸುವುದನ್ನು ತಡೆದರು, ಆ ಮನುಷ್ಯನಿಗೆ ಅಲ್ಲಾಹ್ ಮತ್ತು ಅವನ ರಸೂಲರ ಮೇಲೆ ಪ್ರೀತಿಯಿದೆ ಎಂದು ಸಾಕ್ಷಿ ಹೇಳಿದರು. ಸಹೀಹ್ ಬುಖಾರಿಯಲ್ಲಿ ಹಝ್ರತ್ ಉಮರ್(ರ) ಅವರಿಂದ ಇದು ವರದಿಯಾಗಿದೆ. ಶಿಕ್ಷೆ ತಪ್ಪಲಿಲ್ಲ, ಪಾಪ ಪಾಪವೇ ಆಗಿತ್ತು. ಆದರೂ ಅವರನ್ನು ಬಳಗದಿಂದ ಹೊರಗೆ ತಳ್ಳಲಿಲ್ಲ. ಮನೆಯಲ್ಲಿ ದಿನಕ್ಕೆ ಹತ್ತು ಸಲ ‘ನೀನು ಜಹನ್ನಮಿ’ ಎಂದು ಹೇಳುವ ಅತ್ತೆ, ಅಕ್ಕ, ಅಣ್ಣಂದಿರಿಗೆ ಈ ಹದೀಸನ್ನು ಓದಿ ಹೇಳಿ.

ಪ್ರೀತಿ ಎಂದರೆ ಕೇಳಿದಾಗಲೆಲ್ಲ ದುಡ್ಡು ಕೊಡುವುದಲ್ಲ. ಮೊದಲ ಆರು ತಿಂಗಳು ಅವನ ಕೈಗೆ ದೊಡ್ಡ ಮೊತ್ತ ಬರದಿರಲಿ, ಕೂಲಿಯ ಹಣ ತಾಯಿಯ ಅಥವಾ ಹೆಂಡತಿಯ ಖಾತೆಗೆ ಬರಲಿ ಎಂದು ಅವನನ್ನೂ ಕೂರಿಸಿಕೊಂಡು ಮಾತಾಡಿ ನಿರ್ಧರಿಸಿ. ಗುಳಿಗೆಯನ್ನು ಹೆಂಡತಿಯೇ ಎದುರಿಗೆ ನಿಂತು ಕೊಡಲಿ. ಅವನ ಸಾಲ ತೀರಿಸಲು ನಿಮ್ಮ ಒಡವೆ ಮಾರಬೇಡಿ, ಚಿಕಿತ್ಸೆಗೆ ಹೋಗುವ ಬಸ್ ಚಾರ್ಜಿಗೆ ಮಾತ್ರ ಎಂದೂ ಇಲ್ಲವೆನ್ನಬೇಡಿ. ಸಂಜೆಯ ಹೊತ್ತು ಅವನಿಗೆ ಕಷ್ಟದ ಹೊತ್ತು. ಹಳೆಯ ಸಂಗಾತಿಗಳು ಸೇರುವ ಸಮಯ ಅದೇ. ಮಗ್ರಿಬಿನಿಂದ ಇಶಾದವರೆಗೆ ಅಣ್ಣನೋ ಮಾವನೋ ಜೊತೆಗಿದ್ದು ಮಸೀದಿಗೆ, ಅಂಗಡಿಗೆ, ಹೊಲಕ್ಕೆ ಕರೆದೊಯ್ದರೆ ಅದು ಆ ದಿನದ ಗುಳಿಗೆಯಷ್ಟೇ ಕೆಲಸ ಮಾಡುತ್ತದೆ. ನಮಾಝ್ ಅವನಿಗೆ ಬಲ ಕೊಡುತ್ತದೆ. ನಮಾಝ್ ಶುರು ಮಾಡಿದನೆಂದು ಗುಳಿಗೆ ನಿಲ್ಲಿಸುವುದು ಮಾತ್ರ ತಪ್ಪು.

ಕುಡಿದು ಹೊಡೆಯುವ ಗಂಡನಿದ್ದರೆ ಇದೆಲ್ಲ ಆಮೇಲಿನ ಮಾತು. ಸಬ್ರ್ ಎಂದರೆ ತಲೆ ಒಡೆಸಿಕೊಂಡು ಕೂರುವುದಲ್ಲ. ನೀವು, ಮಕ್ಕಳು ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ಮಹಿಳಾ ಸಹಾಯವಾಣಿ 181. ಕೌಟುಂಬಿಕ ಹಿಂಸೆಯ ವಿರುದ್ಧ 2005ರ ಕಾಯ್ದೆಯಿದೆ. ಅವನ ಚಿಕಿತ್ಸೆಯನ್ನು ಅವನ ತಂದೆ, ಅಣ್ಣ ತಮ್ಮಂದಿರು ನೋಡಿಕೊಳ್ಳಲಿ, ಅವರಿಗೂ ಅವನು ಸಂಬಂಧಿಯೇ.

ಅವನು ಡಾಕ್ಟರರ ಹತ್ತಿರ ಬರಲು ಒಪ್ಪದಿದ್ದರೆ? ಆಗ ನೀವೇ ಹೋಗಿ. ರೋಗಿಯಿಲ್ಲದೆ ಮನೆಯವರು ಬಂದು ಕೇಳುವುದು ಮನೋವೈದ್ಯರಿಗೆ ಹೊಸದೇನಲ್ಲ. ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಏನು ತೆಗೆದುಕೊಳ್ಳುತ್ತಾನೆ, ದಿನಕ್ಕೆ ಎಷ್ಟು, ಎಷ್ಟು ವರ್ಷಗಳಿಂದ, ಕೊನೆಯ ಸಲ ಯಾವಾಗ, ಬಿಟ್ಟಾಗ ಹಿಂದೆ ಫಿಟ್ಸ್ ಬಂದಿತ್ತೇ, ಕಾಮಾಲೆ ಆಗಿತ್ತೇ, ಸಾಯುವ ಮಾತು ಆಡುತ್ತಾನೆಯೇ. ಅವನ ಜೇಬಿನಲ್ಲಿ, ಹಾಸಿಗೆಯ ಕೆಳಗೆ ಸಿಕ್ಕ ಖಾಲಿ ಗುಳಿಗೆ ಪಟ್ಟಿ, ಔಷಧದ ಬಾಟಲಿಗಳನ್ನು ಸಿಟ್ಟಿನಿಂದ ಒಲೆಗೆ ಹಾಕದೆ ಒಂದು ಚೀಲದಲ್ಲಿ ಹಾಕಿ ತೆಗೆದುಕೊಂಡು ಹೋಗಿ. ಅದರ ಮೇಲಿನ ಹೆಸರು ಓದಿದರೆ ಡಾಕ್ಟರರಿಗೆ ಅರ್ಧ ವಿಷಯ ತಿಳಿಯುತ್ತದೆ. ಆಧಾರ್ ಮತ್ತು ರೇಷನ್ ಕಾರ್ಡಿನ ಝೆರಾಕ್ಸ್ ಜೊತೆಗಿರಲಿ. ಬರುವಾಗ ಮುಂದೆ ಯಾವ ದಿನ ಬರಬೇಕೆಂದು ಚೀಟಿಯ ಮೇಲೆ ಬರೆಸಿಕೊಂಡು ಬನ್ನಿ.